ಆಕಾಶಕ್ಕೆ ಹೊಲಿದ ಗಾದಿ

ಗಂಗಾವತಿಯಲ್ಲಿ ಬಡೇಸಾಬನ ಗಾದಿ ಅಂಗಡಿ ಎಲ್ಲಿ ಎಂದು ಕೇಳಿದವರಿಗೆ ಜನ ಹುಲಗೆಮ್ಮನ ಮಿರ್ಚಿ ಬಂಡಿಯ ಗುರುತು ಹೇಳುತ್ತಿದ್ದರು. ಬಂಡಿ ಅಂಗಡಿಯ ಎದುರಿಗೇ ಇತ್ತು. ಅಂಗಡಿಗೆ ಬೋರ್ಡು ಇರಲಿಲ್ಲವೆಂದಲ್ಲ. ಇತ್ತು, ಆದರೆ ವರ್ಷಗಟ್ಟಲೆ ಹಾರಿದ ಹತ್ತಿಯ ಎಳೆಯೆಲ್ಲ ಅದರ ಮೇಲೆ ಕೂತು ಅಕ್ಷರಗಳಿಗೆ ಬಿಳಿ ಗಡ್ಡ ಬಂದಿತ್ತು. "ಸಾಬರ ಬೋರ್ಡು ಓದಬೇಕಂದ್ರ ಮೊದಲು ಅದಕ್ಕ ಕ್ಷೌರ ಮಾಡಸಬೇಕು" ಎಂದು ಹುಲಗೆಮ್ಮ ಬಂಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು.

ಅಂಗಡಿಯ ಒಳಗೆ, ಹಿಂಜಿದ ಹತ್ತಿಯ ಗುಡ್ಡೆಯ ಹಿಂದೆ, ಹೊಲಿಗೆ ಮಷೀನಿನ ಮುಂದೆ ಬಡೇಸಾಬನ ಮಗಳು ಮುಬಾಶಿರಾ ಕೂತಿರುತ್ತಿದ್ದಳು. ಏಳನೆಯ ಇಯತ್ತೆಗೇ ಸಾಲೆ ಬಿಟ್ಟವಳು. ಆಕೆ ದಡ್ಡಿಯೇನೂ ಆಗಿರಲಿಲ್ಲ. ಆದರೆ ಎದ್ದು ನಿಂತು ಗಟ್ಟಿಯಾಗಿ ಓದು ಎಂದಾಗೆಲ್ಲ ಗಂಟಲಿಗೆ ಬಿರಡೆ ಬೀಳುತ್ತಿತ್ತು. ಗಾದಿ ಹೊಲಿಯುವವಳಿಗೆ ಯಾರೂ ಎದ್ದು ನಿಲ್ಲು ಅನ್ನುವುದಿಲ್ಲ. ಹತ್ತಿಯ ಗುಡ್ಡೆ ಆಕೆಯ ಕಣ್ಣಿನ ಮಟ್ಟಕ್ಕೆ ಬರುತ್ತಿದ್ದುದರಿಂದ ಗಿರಾಕಿಗಳಿಗೆ ಆಕೆ ಕಾಣುತ್ತಿರಲಿಲ್ಲ, ಗುಡ್ಡೆಯ ಪಕ್ಕದ ಸಂದಿಯಿಂದ ಆಕೆಗೆ ಗಿರಾಕಿಗಳ ಕೈ ಮಾತ್ರ ಕಾಣುತ್ತಿದ್ದವು. ಅಷ್ಟು ಸಾಕಾಗಿತ್ತು. ಬಂದವರು ಯಾರೇ ಆಗಲಿ ಮೊದಲು ಗಾದಿಗೆ ಅಂಗೈ ಒತ್ತುತ್ತಾರೆ. ಒತ್ತಿದ ಕೈಯನ್ನು ಅಲ್ಲೇ ಮರೆತು ಮಾತಾಡುವವರು ಕೊಳ್ಳುತ್ತಾರೆ. ಕೈ ತೆಗೆದು ಝಾಡಿಸಿಕೊಳ್ಳುವವರು "ಮನ್ಯಾಗ ಕೇಳಿ ಬರ್ತೀವಿ" ಎಂದು ಹೋಗುತ್ತಾರೆ, ಮತ್ತೆ ಬರುವುದಿಲ್ಲ.

ಈಚೆಗೆ ಝಾಡಿಸುವ ಕೈಗಳೇ ಹೆಚ್ಚಾಗಿದ್ದವು. ರಸ್ತೆಯ ಆ ತುದಿಗೆ ಗಾಜಿನ ಬಾಗಿಲಿನ ಫೋಮಿನ ಗಾದಿಯ ಅಂಗಡಿ ಬಂದಿತ್ತು. ಅಲ್ಲಿಯ ಗಾದಿಯನ್ನು ಒಬ್ಬನೇ ಎತ್ತಿ ಸ್ಕೂಟರಿನ ಹಿಂದೆ ಇಟ್ಟುಕೊಂಡು ಹೋಗಬಹುದು. ಬಡೇಸಾಬನಿಗೆ ಅದೊಂದೇ ಮಾತು ಎದೆಗೆ ಚುಚ್ಚುತ್ತಿತ್ತು. ಗಾದಿಯ ಮಾನ ತೂಕದಲ್ಲಿದೆ ಎಂದು ನಂಬಿದವನು ಆತ. ಲಗ್ನದ ಗಾದಿಯನ್ನು ಹೊತ್ತು ಬೀಗರ ಮನೆಯ ಹೊಸ್ತಿಲು ದಾಟುವವರು ಒಮ್ಮೆ 'ಉಸ್ಸ್' ಅನ್ನದಿದ್ದರೆ ಆ ಗಾದಿ ಹೊಲಿದವನು ಕಳ್ಳ ಎಂದೇ ಆತನ ಅಪ್ಪ ಕಲಿಸಿದ್ದ. "ಸ್ಕೂಟರ್ ಮ್ಯಾಲ ಹೋಗೂದು ಗಾದಿ ಏನಲೇ? ಅದು ಸವಾರಿ" ಎನ್ನುತ್ತಿದ್ದ.

ಹೀಗನ್ನುತ್ತಲೇ ಬಡೇಸಾಬ ಒಂದು ದಿನ ಗಿಣಿಗೇರಾಕ್ಕೆ ಹೋಗಿ, ಅಲ್ಲಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರನ ಕೆಲಸ ಗೊತ್ತು ಮಾಡಿಕೊಂಡು ಬಂದ. ಬರುವಾಗ ಖಾಕಿ ಅಂಗಿ, ಪ್ಯಾಂಟು ಕೊಂಡು ತಂದಿದ್ದ. ಬರುವ ತಿಂಗಳ ಮೊದಲನೆಯ ದಿನ ಹಾಜರಾಗಬೇಕು. ಅಷ್ಟರೊಳಗೆ ಲಗ್ನದ ಸುಗ್ಗಿಯ ಗಿರಾಕಿ ಬಂದರೆ ಸರಿ, ಇಲ್ಲದಿದ್ದರೆ ಶಟರ್ ಎಳೆಯುವುದು.

"ಮಷೀನ ಕೊಟ್ಟು ಬಿಡೂದು. ಭುಜ ಸ್ವಲ್ಪ ಅಗಲ ಐತಿ, ಹಿಡದು ಕೊಡು" ಎಂದು ಅಂಗಿಯನ್ನು ಮಗಳ ಕಡೆ ಎಸೆದ.

ಯಾವ ಮಷೀನನ್ನು ಮಾರುವುದಿತ್ತೋ ಅದೇ ಮಷೀನಿನ ಮೇಲೆ ಆ ಅಂಗಿಯ ಭುಜ ಹೊಲಿದು ಕಿರಿದು ಮಾಡಬೇಕಾಗಿತ್ತು. ಅಂಗಡಿ ಮುಚ್ಚಿದರೆ ಮುಬಾಶಿರಾ ಹತ್ತಿಯ ಗುಡ್ಡೆಯ ಹಿಂದಿನಿಂದ ಎದ್ದು ಬರಬೇಕಾಗುತ್ತಿತ್ತು. ಎದ್ದು ಬಂದು ಎಲ್ಲಿ ಕೂಡುವುದು ಎಂಬುದು ಆಕೆಗೆ ಹೊಳೆಯುತ್ತಿರಲಿಲ್ಲ. ಆಕೆ ಅಂಗಿಯನ್ನು ಪ್ಯಾಂಟಿನ ಜೊತೆ ಮಡಚಿ ಮಷೀನಿನ ಕೆಳಗಿಟ್ಟಳು. ಅಪ್ಪ ಕೇಳಿದಾಗೆಲ್ಲ "ಬಣ್ಣಕ್ಕ ದಾರ ಹೊಂದವಲ್ದು ಅಬ್ಬಾ" ಎನ್ನುತ್ತಿದ್ದಳು. ಗಂಗಾವತಿಯಲ್ಲಿ ಖಾಕಿ ದಾರಕ್ಕೆ ಬರ ಬಂದಿದೆ ಎಂದು ಬಡೇಸಾಬ ನಂಬಿದ.

ಇಂಥ ಹೊತ್ತಿಗೆ ನದೀಮ ಬಂದ. ಬಡೇಸಾಬನ ಅಕ್ಕನ ಮಗ. ಮೊದಲು ಮೊಬೈಲಿನ ಕವರು ಮಾರಿದ್ದ, ಆಮೇಲೆ ಕೋಳಿಯ ಆಹಾರ, ಆಮೇಲೆ ವಿಮೆ. ಈಗ ಕೊಪ್ಪಳದಲ್ಲಿ ಜಾಹೀರಾತಿನ ಏಜೆನ್ಸಿ ತೆಗೆದಿದ್ದ. ಏಜೆನ್ಸಿ ಎಂದರೆ ಆತ ಮತ್ತು ಆತನ ಕಪ್ಪು ಕನ್ನಡಕ.

"ಮಾಮು, ನೆಲದ ಮ್ಯಾಲಿನ ಜಾಹೀರಾತು ಮುಗೀತು" ಎನ್ನುತ್ತಲೇ ಒಳಗೆ ಬಂದು ಗಾದಿಯ ಅಟ್ಟಿಯ ಮೇಲೆ ಕೂತ. "ಗ್ವಾಡಿ ಮ್ಯಾಲ ಬರದ್ರ ಪೋಸ್ಟರ್ ಅಂಟಸ್ತಾರ. ಆಟೋದಾಗ ಮೈಕ್ ಕಟ್ಟಿದ್ರ ಕಿವಿ ಮುಚ್ಚಕೋತಾರ. ವಾಟ್ಸಾಪಿಗೆ ಹಾಕಿದ್ರ ನೋಡದ ಅಳಸ್ತಾರ. ಉಳದದ್ದು ಒಂದ ಜಾಗ." ಬೆರಳು ಮೇಲೆತ್ತಿದ.

ಬಡೇಸಾಬ ಮೇಲೆ ನೋಡಿದ. ತಗಡು ಇತ್ತು.

"ತಗಡಲ್ಲ ಮಾಮು, ಆಕಾಶ! ಸಣಾಪುರದ ಕಡೆ ದುರುಗೇಶ ಅಂತ ಒಬ್ಬವ ಅದಾನ. ಬೆನ್ನಿಗೆ ದೊಡ್ಡ ಫ್ಯಾನು ಕಟಗೊಂಡು, ಮ್ಯಾಲ ಛತ್ರಿಯಂಥಾ ರೆಕ್ಕಿ ಬಿಚ್ಚಿ ಪಕ್ಷಿ ಹಾರಿದಂಗ ಹಾರತಾನ. ಪರ್ಮಿಶನ್ ಗಿರ್ಮಿಶನ್ ಎಲ್ಲಾ ಅವನ ನೋಡ್ಕೋತಾನ. ಅವನ ಹಿಂದ ಉದ್ದಕ ಒಂದು ಬ್ಯಾನರು. ಅದ್ರ ಮ್ಯಾಲ ನಿನ್ನ ಹೆಸರು. ಸಂತಿ ದಿವಸ ಗಂಗಾವತಿ ಮ್ಯಾಲ ಎರಡು ಸುತ್ತು ಹಾಕಿದ್ರ ಮುಗೀತು. ಆಕಾಶಕ್ಕ ಬಾಡಿಗಿ ಇಲ್ಲ ಮಾಮು!"

"ಆಕಾಶಕ್ಕ ಬಾಡಿಗಿ ಇಲ್ಲ. ಅಲ್ಲಿಗೆ ಹೋಗಾಕ ಐತಲ್ಲ" ಎಂದಳು ಬಡೇಸಾಬನ ಹೆಂಡತಿ ನೂರಜಾನಬಿ. ಆಕೆ ದಿಂಬಿಗೆ ಹತ್ತಿ ತುಂಬುತ್ತಿದ್ದಳು, ತಲೆ ಎತ್ತಲಿಲ್ಲ. "ಈ ಮೊದಲ ಯಾರನ್ನರ ಹಾರಸೀದೇನು?"

"ಕುಷ್ಟಗ್ಯಾಗ ಒಂದು ಟೈರಿನ ಅಂಗಡಿ, ಯಲಬುರ್ಗಾದಾಗ ಒಂದು ಬಂಗಾರದ ಅಂಗಡಿ, ಎರಡೂ ತಯಾರ ಅದಾವ ಮಾಮಿ. ನಾಲ್ಕ ತಾಲೂಕಿಗೆ ಏಜೆಂಟ್ ನಾನೊಬ್ಬನ."

"ತಯಾರ ಅದಾವ ಅಂದಿ. ಹಾರ್ಯಾವೇನು ಅಂತ ಕೇಳಿದೆ."

ನದೀಮ ಕನ್ನಡಕ ತೆಗೆದು ಒರೆಸಿದ. "ಮೊದಲನೇದು ಮನಿ ಮಂದಿದು ಆಗಲಿ ಅಂತ ಬಂದೀನಿ."

ದುರುಗೇಶನಿಗೆ ರೊಕ್ಕವೂ ಬೇಕಾಗಿರಲಿಲ್ಲ. ಪ್ರವಾಸಿಗಳಿಗೆಂದು ಆತ ಕಟ್ಟಿಸುತ್ತಿದ್ದ ಗುಡಿಸಲುಗಳಿಗೆ ಗಾದಿ ಬೇಕಿದ್ದವು; ಗಾದಿ ಕೊಟ್ಟರೆ ಹಾರಿಸುತ್ತಾನಂತೆ. ಗಾದಿಗೆ ಬದಲು ಆಕಾಶ ಎಂಬ ಮಾತು ಬಡೇಸಾಬನಿಗೆ ಹಿಡಿಸಿತು. ಎದುರಿನ ಬಂಡಿಯಿಂದ ಹುಲಗೆಮ್ಮ ಎಲ್ಲ ಕೇಳಿಸಿಕೊಂಡು, "ಮಾಡ್ರಿ ಸಾಬ್ರ, ಬೋರ್ಡಿಗೆ ಗಡ್ಡ ಬಂದೈತಿ, ಮ್ಯಾಲರ ಗಾಳಿಗೆ ಹತ್ತಿ ಕುಂಡ್ರೂದಿಲ್ಲ" ಎಂದು ಕೂಗಿದಳು. ಅಲ್ಲಿಗೆ ತೀರ್ಮಾನವಾಯಿತು.

ಮಾರನೆಯ ದಿನ ದುರುಗೇಶನ ಕಡೆಯಿಂದ ಒಂದು ಗಂಟು ಬಂತು. ಅದರೊಳಗೆ ಮೀನಿನ ಬಲೆಯಂಥ ಜಾಳಿಗೆ, ಮತ್ತೆ ಕೆಂಪು ಬಣ್ಣದ ತೆಳ್ಳನೆಯ ಬಟ್ಟೆ. ಆ ಬಟ್ಟೆಯಲ್ಲಿ ಆಳೆತ್ತರದ ಅಕ್ಷರ ಕತ್ತರಿಸಿ ಬಲೆಗೆ ಹೊಲಿಯಬೇಕು. ಗಂಟಿನ ಹಿಂದೆಯೇ ಆತನ ಫೋನೂ ಬಂತು. ಬಡೇಸಾಬ ಹಿಂಜುವ ಮಷೀನಿನ ಮುಂದಿದ್ದ; ಕೈಸನ್ನೆಯಲ್ಲೇ ಮಗಳಿಗೆ ಎತ್ತು ಎಂದ.

"ನೋಡ್ರಿ, ಅಕ್ಷರ ಕಡಿಮಿ ಇರಬೇಕು" ಎಂದಿತು ಆ ಕಡೆಯ ದನಿ. "ತುದಿ ಮಡಚಬ್ಯಾಡ್ರಿ, ಡಬಲ್ ಹೊಲಿಗಿ ಹಾಕಬ್ಯಾಡ್ರಿ. ಎಷ್ಟು ಹಗುರ ಇರ್ತೈತೋ ಅಷ್ಟು ಛಲೋ. ಕೈಯಾಗ ಹಿಡಿದ್ರ ಹಿಡದೀವೋ ಇಲ್ಲೋ ಅನ್ನಿಸಬೇಕು. ತಿಳೀತೇನ್ರಿ?"

"ಹೂಂ" ಎಂದಳು ಮುಬಾಶಿರಾ. ಅಪರಿಚಿತ ಗಂಡಸಿನೊಡನೆ ಆಕೆ ಆಡಿದ ಅತಿ ಉದ್ದದ ಮಾತು ಅದು.

ಏನು ಬರೆಯಬೇಕು ಎಂಬುದರ ಮೇಲೆ ಒಂದು ಮಧ್ಯಾಹ್ನವೆಲ್ಲ ಜಗಳವಾಯಿತು. ಬಡೇಸಾಬನಿಗೆ ಗಾದಿ, ದಿಂಬು, ಲೋಡು, ರಜಾಯಿ, ಹಳೆ ಹತ್ತಿ ಹಿಂಜಿ ಕೊಡಲಾಗುವುದು, ನಮ್ಮಲ್ಲಿ ಬೇರೆ ಶಾಖೆ ಇರುವುದಿಲ್ಲ, ಇಷ್ಟೂ ಬೇಕಾಗಿತ್ತು. "ಅಷ್ಟು ಬರದ್ರ ಅವನ ತಲಿ ಕೊಪ್ಪಳದಾಗ ಇರತೈತಿ, ಬಾಲ ಗಂಗಾವತ್ಯಾಗ ಇರತೈತಿ" ಎಂದಳು ನೂರಜಾನಬಿ. ಕಡೆಗೆ 'ಬಡೇಸಾಬನ ಗಾದಿ' ಎಂಬಷ್ಟಕ್ಕೆ ಇಳಿದರು.

ಆಮೇಲೆ ಬಡೇಸಾಬ ಆ ತೆಳ್ಳನೆಯ ಬಟ್ಟೆಯನ್ನು ಕೈಗೆ ತೆಗೆದುಕೊಂಡ. ಬೆಳಕಿಗೆ ಹಿಡಿದ. ಬಟ್ಟೆಯ ಆಚೆಗೆ ಹುಲಗೆಮ್ಮ ಮೆಣಸಿನಕಾಯಿ ಸೀಳುವುದು ಕಾಣುತ್ತಿತ್ತು.

"ಇದೇನು ಬಟ್ಟಿ ಏನು, ಉಳ್ಳಾಗಡ್ಡಿ ಸಿಪ್ಪಿ ಏನು?" ಎಂದ. "ಇದ್ರಾಗ ನನ್ನ ಹೆಸರು? ನಮ್ಮಪ್ಪ ನೋಡಿದ್ರ ಗೋರಿಯಾಗಿಂದ ಎದ್ದು ಬಂದಾನು. ಮತ್ತ ಈ ಬಲಿ ಯಾಕ? ನನ್ನ ಹೆಸರೇನು ಮೀನೇನು, ಸಿಗಬೀಳಾಕ?"

ಬಲೆ ಮೂಲೆಗೆ ಹೋಯಿತು. ಒಂದೊಂದು ಅಕ್ಷರಕ್ಕೂ ಒಂದೊಂದು ಆಳುದ್ದದ ತುಂಡು, ಗಾದಿಗೆ ಬಳಸುವ ಪಟ್ಟೆಪಟ್ಟೆಯ ಗಟ್ಟಿ ಬಟ್ಟೆಯದು, ಅದೂ ಎರಡು ಪದರ. ಅದರ ಮೇಲೆ ಕೆಂಪು ಅಕ್ಷರ. ತುಂಡಿಗೆ ತುಂಡು ಸೇರಿಸಿ ಉದ್ದಕ್ಕೆ ಹೊಲಿಯಬೇಕು.

ಮುಬಾಶಿರಾಳಿಗೆ ಫೋನಿನ ಮಾತು ನೆನಪಿತ್ತು. "ಅಬ್ಬಾ, ಅವರು ಹಗುರ ಇರಬೇಕು ಅಂದಾರ" ಎಂದಳು. ಆದರೆ ಆಕೆ ಹೇಳುವ ಹೊತ್ತಿಗೆ ಹಿಂಜುವ ಮಷೀನು ಗುರ್ರೆನ್ನುತ್ತಿತ್ತು. ಬಡೇಸಾಬ ಮಗಳ ತುಟಿ ಅಲುಗಿದ್ದನ್ನು ನೋಡಿ, ಆಕೆ ದಾರ ಕೇಳುತ್ತಿದ್ದಾಳೆಂದು ತಿಳಿದು ದಪ್ಪನೆಯ ದಾರದ ಉಂಡೆ ಎಸೆದ. ಇನ್ನೊಮ್ಮೆ ಹೇಳಬಹುದಾಗಿತ್ತು. ಒಂದು ಮಾತನ್ನು ಎರಡು ಸಲ ಹೇಳುವ ಅಭ್ಯಾಸ ಆಕೆಗಿರಲಿಲ್ಲ.

ಅದೂ ಅಲ್ಲದೆ, ನಿಜ ಹೇಳಬೇಕೆಂದರೆ, ಆಕೆಯ ಕೈಯೂ ಅಪ್ಪನ ಕೈಯೇ. ಅಂಚು ಮಡಚದೆ ಬಿಟ್ಟ ಬಟ್ಟೆ ಕಂಡರೆ ಆಕೆಗೆ ಗುಂಡಿ ಹಾಕದ ಅಂಗಿ ಕಂಡಂತೆ ನಾಚಿಕೆಯಾಗುತ್ತಿತ್ತು. ಮಡಚಿದಳು. ಮಡಚಿದ ಮೇಲೆ ಒಂಟಿ ಹೊಲಿಗೆ ಸಾಲದೆನಿಸಿ ಎರಡು ಹಾಕಿದಳು. ಎರಡು ಪದರದ ನಡುವೆ ಏನೂ ಇಲ್ಲದೆ 'ಬ' ಯಾಕೋ ಉಪವಾಸ ಬಿದ್ದವರ ಹಾಗೆ ಕಂಡಿತು. ಒಂದು ಹಿಡಿ ಹತ್ತಿ ಹಾಕಿದಳು. 'ಬ'ಗೆ ಹಾಕಿದ ಮೇಲೆ 'ಡೇ'ಗೆ ಹಾಕದಿದ್ದರೆ ಪಂಕ್ತಿಭೇದವಾದೀತು. ಆಕೆ ಊಟಕ್ಕೆ ಎದ್ದಾಗ ಬಡೇಸಾಬ ಬಂದು ನೋಡಿ, ಮಗಳು ಕಂಜೂಸುತನ ಮಾಡಿದ್ದಾಳೆಂದು ತಾನೂ ಒಂದೊಂದು ಹಿಡಿ ಸೇರಿಸಿದ. ಕಡೆಗೆ ನೂರಜಾನಬಿ, ಹತ್ತಿ ಒಂದು ಕಡೆ ಸರಿದು ಗಂಟುಕಟ್ಟಬಾರದೆಂದು ರಜಾಯಿಗೆ ಹಾಕುವಂತೆ ಅಡ್ಡಡ್ಡ ದೊಡ್ಡ ಹೊಲಿಗೆಯ ಟಾಕು ಹಾಕಿದಳು.

ಬ್ಯಾನರು ತಯಾರಾಯಿತು. ಅದನ್ನು ಸುತ್ತಿ ಆಟೋಕ್ಕೆ ಏರಿಸುವಾಗ ನದೀಮ ಮತ್ತು ಬಡೇಸಾಬ ಇಬ್ಬರೂ 'ಉಸ್ಸ್' ಎಂದರು. ಬಡೇಸಾಬನ ಮುಖ ಅರಳಿತು.

ಹೇಮಗುಡ್ಡದ ಹಾದಿಯಲ್ಲಿ ಭತ್ತ ಕೊಯ್ದ ಒಂದು ಬಯಲಿತ್ತು. ಸಂತೆಯ ದಿನ ಬೆಳಿಗ್ಗೆ ಮಂಜು ಇನ್ನೂ ಆರಿರಲಿಲ್ಲ. ನೋಡಲು ಬಂದವರು ಒಂದು ಸಣ್ಣ ಸಂತೆಯಷ್ಟೇ ಇದ್ದರು. ಹುಲಗೆಮ್ಮ ಬಂಡಿಯನ್ನೇ ತಂದು ಎಣ್ಣೆ ಕಾಯಲು ಇಟ್ಟಿದ್ದಳು. ಮುಬಾಶಿರಾ ಆಟೋದ ಹಿಂದೆ, ತಾನು ಯಾರಿಗೂ ಕಾಣದ ಜಾಗ ಹುಡುಕಿ ನಿಂತಳು. ಸೊಂಟಕ್ಕೆ ದಿನದ ಕತ್ತರಿ ಸಿಕ್ಕಿಸಿಕೊಂಡೇ ಬಂದಿದ್ದಳು. ಅದನ್ನು ತೆಗೆದಿಡುವುದು ನೆನಪಾಗಿರಲಿಲ್ಲ.

ದುರುಗೇಶ ತೆಳ್ಳನೆಯ ಆಳು. ಬೆನ್ನಿಗೆ ಫ್ಯಾನು ಕಟ್ಟಿಕೊಂಡಾಗ ಫ್ಯಾನಿಗೇ ಕಾಲು ಬಂದಂತೆ ಕಾಣುತ್ತಿದ್ದ. ಆತ ನೆಲದ ಮೇಲೆ ಹಾಸಿದ ಬ್ಯಾನರಿನ ಹತ್ತಿರ ಬಂದು ಒಂದು ಮೂಲೆ ಎತ್ತಿದ. ಕೆಳಗಿಟ್ಟ. ಮತ್ತೆ ಎತ್ತಿದ.

"ಇದೇನ್ರಿ ಹಾಸಿಗಿ ಆಗೇತಲ್ಲ?"

"ಹೌದಲ್ಲ!" ಎಂದ ಬಡೇಸಾಬ, ಹೊಗಳಿಕೆಗೆ ತಲೆ ಬಾಗಿಸಿ. "ಮುಟ್ಟಿದ ಕೂಡಲೇ ಗೊತ್ತಾತಲ್ಲ ನಿಮಗ. ಫೋಮಿನವ್ರು ಇಂಥಾದ್ದು ಮಾಡಲಿ ನೋಡೋಣ."

"ಫೋನ್ನಾಗ ಹಗುರ ಮಾಡ್ರಿ ಅಂತ ಹೇಳಿದ್ನಲ್ರಿ."

"ಯಾರಿಗೆ?"

ಆಟೋದ ಹಿಂದೆ ಮುಬಾಶಿರಾ ತನ್ನ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡಿಕೊಂಡಳು.

ನದೀಮ ನಡುವೆ ಬಂದ. "ಅಣ್ಣಾ, ಊರಿಗೆ ಊರ ಕೂಡೈತಿ. ಒಂದ್ ಕೈ ನೋಡು. ಗಾಳಿ ಛಲೋ ಐತಿ."

ದುರುಗೇಶ ಜನರನ್ನು ನೋಡಿದ. ಜನ ಆತನನ್ನು ನೋಡಿದರು. ಇಂಥ ಹೊತ್ತಿನಲ್ಲಿ ಆಗುವುದಿಲ್ಲ ಅನ್ನುವುದಕ್ಕೆ ಹಾರುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಆತ ಹಗ್ಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಫ್ಯಾನು ಶುರುವಾಯಿತು. ಹತ್ತಿ ಹಿಂಜುವ ಮಷೀನಿನದೇ ಸದ್ದು. ಬಡೇಸಾಬನಿಗೆ ಮನೆಗೆ ಬಂದಂತಾಯಿತು.

ದುರುಗೇಶ ಓಡಿದ. ಹಿಂದೆ ಹಾಸಿದ್ದ ರೆಕ್ಕೆ ಗಾಳಿ ತುಂಬಿಕೊಂಡು ಮೇಲೆದ್ದಿತು. ಜನ ಹೋ ಎಂದರು. ಆತನ ಕಾಲು ನೆಲ ಬಿಟ್ಟವು, ಮೊಣಕಾಲೆತ್ತರ ಹೋದವು, ಹಗ್ಗ ಬಿಗಿಯಾಯಿತು, ಮೊದಲ 'ಬ' ಎದ್ದಿತು, ಅದರ ಹಿಂದೆ 'ಡೇ' ಅರ್ಧ ಎದ್ದು ಸುತ್ತಲೂ ನೋಡಿತು. ಉಳಿದ ಅಕ್ಷರಗಳು ನೆಲವನ್ನು ಬಿಡಲೊಪ್ಪಲಿಲ್ಲ. ತವರು ಬಿಟ್ಟು ಹೋಗದ ಮಗಳ ಹಾಗೆ 'ಸಾಬನ ಗಾದಿ' ಕೂಳೆಗಳನ್ನು ಹಿಡಿದು ಮಲಗಿಬಿಟ್ಟಿತು. ದುರುಗೇಶ ಗಾಳಿಯಲ್ಲೇ ಕಾಲು ಬಡಿಯುತ್ತಾ, ನಿಂತಲ್ಲೇ ಸ್ವಲ್ಪ ಹೊತ್ತು ಓಡಿದ. ಆಮೇಲೆ ಹಗ್ಗ ಅವನನ್ನು ಹಿಂದಕ್ಕೆಳೆಯಿತು. ಆತ ಫ್ಯಾನು ಆರಿಸಿದ. ರೆಕ್ಕೆ ಸುಸ್ತಾದ ಹೆಂಗಸಿನ ಸೆರಗಿನಂತೆ ಕೆಳಗೆ ಬಂತು. ಆತ ಕುಂಡೆಯೂರಿ, 'ಸಾ'ದ ನಟ್ಟನಡುವೆ ಬಂದು ಕೂತ.

ಜನ ಕತ್ತು ಚಾಚಿ ನೋಡಿದರು.

"ಪೆಟ್ಟಾತೇನ್ರಿ?" ಎಂದು ಬಡೇಸಾಬ ಓಡಿದ.

"ಎಲ್ಲಿ ಪೆಟ್ಟು?" ಎಂದ ದುರುಗೇಶ, ತನ್ನ ಕೆಳಗೆ ಒಮ್ಮೆ ಕೈಯಾಡಿಸಿ. "ಬಿದ್ದದ್ದ ಗೊತ್ತಾಗಲಿಲ್ರಿ."

ಆಗ ನಗು ಎದ್ದಿತು. ಹೇಮಗುಡ್ಡದ ಗುಡಿಯೊಳಗಿನ ದುರ್ಗಮ್ಮನಿಗೂ ಕೇಳಿಸುವಂಥ ನಗು. ಫೋನುಗಳು ಎಲ್ಲ ಕಡೆಯಿಂದ ಹೊರಗೆ ಬಂದವು. "ಸಾಬ್ರ, ಇನ್ನೊಂದು ಸಲ ಬೀಳಾಕ ಹೇಳ್ರಿ, ವಿಡಿಯೋ ಸರಿ ಬಂದಿಲ್ಲ!" ಎಂದು ಯಾರೋ ಕೂಗಿದರು.

ದುರುಗೇಶ ಹಗ್ಗ ಬಿಚ್ಚಿದ. "ಹಾರಿಸಲಿಲ್ಲ, ಹಂಗಾಗಿ ಗಾದಿ ಕೇಳೂದಿಲ್ರಿ. ಇದನ್ನ ಹಾರಸಬೇಕಂದ್ರ ವಿಮಾನ ಬೇಕು, ಅದೂ ದೊಡ್ಡದು."

ಬಡೇಸಾಬ ಮುಖ ತಿರುಗಿಸಿದ. ಆತನ ಕಿವಿ ಕೆಂಪಾಗಿದ್ದವು. ಬಗ್ಗಿ ಕೂಳೆಯಲ್ಲಿ ಬಿದ್ದಿದ್ದ ಹತ್ತಿಯ ಒಂದು ಎಳೆಯನ್ನು ಎತ್ತಿ, ಜೇಬಿನಲ್ಲಿಟ್ಟುಕೊಂಡ. ಆಮೇಲೆ ಆಟೋದ ಕಡೆ ಬಂದು, ಯಾರ ಮುಖವನ್ನೂ ನೋಡದೆ, "ಖಾಕಿ ಅಂಗಿ ಇವತ್ತ ಹಿಡದು ಕೊಡವಾ. ದಾರ ಯಾವ ಬಣ್ಣದ್ದಾದ್ರೂ ನಡೀತೈತಿ" ಎಂದ.

ಮುಬಾಶಿರಾ ತಲೆಯಾಡಿಸಿದಳು. ಅಷ್ಟು ದಿನ ಅಪ್ಪ ಅದನ್ನು ಕೇಳಿದಾಗ ಆಕೆಗೆ ಸುಳ್ಳು ಸಿಗುತ್ತಿತ್ತು. ಈಗ ಸಿಗಲಿಲ್ಲ.

ಅಷ್ಟರಲ್ಲಿ ರಸ್ತೆಯ ಮೇಲೆ ಒಂದು ಟ್ರ್ಯಾಕ್ಟರ್ ನಿಂತಿತು. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರ ಗದ್ದೆಗೆ ನಾಟಿಗೆ ಹೊರಟಿದ್ದ ಹೆಣ್ಣಾಳುಗಳು. ಜನ ಕೂಡಿದ್ದು ಕಂಡು ಟ್ರೇಲರಿನಿಂದ ಇಳಿದು ಬಂದರು. ಮುಂದೆ ಗಾಳೆಮ್ಮ; ಆ ಗುಂಪಿಗೆ ಆಕೆಯೇ ಮೇಸ್ತ್ರಿ. ಬಂದವಳು ಏನಾಯಿತೆಂದು ಕೇಳಿದಳು, ಕೇಳಿ ಹೊಟ್ಟೆ ಹಿಡಿದು ನಕ್ಕಳು, ನಕ್ಕು ಸುಸ್ತಾಗಿ ಕೂಡಲು ಜಾಗ ನೋಡಿದಳು. ಎಲ್ಲೆಲ್ಲೂ ಕೂಳೆ, ಕೂಳೆಯ ಮೇಲೆ ಮಂಜು. ನಡುವೆ ಆಳುದ್ದದ 'ದಿ'. ಆಕೆ ಅದರ ಮೇಲೆ ಕೂತಳು.

ಕೂತವಳ ನಗು ನಿಂತಿತು. ಅಂಗೈ ಒತ್ತಿದಳು. "ಅಯ್ಯ!" ಎಂದಳು. ಆಮೇಲೆ ಹಿಂದಕ್ಕೆ ಒರಗಿ ಚಾಚಿ ಮಲಗಿಯೇಬಿಟ್ಟಳು. "ಬರ್ರೇ ಇಲ್ಲಿ! ಸೊಂಟಕ್ಕ ಜೀವ ಬಂತು!"

ದಿನವೆಲ್ಲ ಕೆಸರಿನಲ್ಲಿ ಬಗ್ಗಿ ನಿಲ್ಲುವ ಹೆಂಗಸರು ಅವರು. ಹೋಗುವಾಗ ಬರುವಾಗ ಟ್ರೇಲರಿನ ಕಬ್ಬಿಣದ ಮೇಲೆ ಕುಕ್ಕರುಗಾಲಲ್ಲಿ ಕೂತು ಎಲುಬು ಎಣಿಸಿಕೊಳ್ಳುವವರು. ಒಬ್ಬೊಬ್ಬರಾಗಿ ಬಂದು 'ನ' ಮೇಲೆ, 'ಬ' ಮೇಲೆ ಕೂತರು. ಒಬ್ಬಳು ರೊಟ್ಟಿಯ ಗಂಟು ಬಿಚ್ಚಿದಳು.

ಬಡೇಸಾಬನಿಗೆ ಇದೂ ಒಂದು ಉಳಿದಿತ್ತೇ ಅನ್ನಿಸಿತು. "ಏಳ್ರವಾ, ಹೆಸರಿನ ಮ್ಯಾಲ ಕುಂಡ್ರಬ್ಯಾಡ್ರಿ!"

"ಹೆಸರು ನಮಗೆಲ್ಲಿ ಓದಾಕ ಬರತೈತಿ ಸಾಬ್ರ? ನಾವು ಹತ್ತಿ ಮ್ಯಾಲ ಕುಂತೀವಿ" ಎಂದಳು ಗಾಳೆಮ್ಮ, ಮಲಗಿದಲ್ಲಿಂದಲೇ.

"ನದೀಮಾ, ಸುತ್ತು ಅದನ್ನ. ಎತ್ತು ಆಟೋಕ್ಕ. ಸಾಕು."

ಮುಬಾಶಿರಾ ಆಟೋದ ಹಿಂದಿನಿಂದ ನೋಡುತ್ತಿದ್ದಳು. ಆಕೆ ನೋಡುತ್ತಿದ್ದುದು ಮುಖಗಳನ್ನಲ್ಲ. ಗಾಳೆಮ್ಮ ಬಡೇಸಾಬನೊಡನೆ ವಾದಿಸುತ್ತಿದ್ದಳು, ಆಕೆಯ ಅಂಗೈ ಪಟ್ಟೆಯ ಬಟ್ಟೆಯ ಮೇಲೆ ಒತ್ತಿದಲ್ಲೇ ಇತ್ತು. ಪಕ್ಕದವಳು ರೊಟ್ಟಿ ಮುರಿಯುತ್ತಿದ್ದಳು. ಇನ್ನೊಂದು ಕೈ ಒತ್ತಿದಲ್ಲೇ ಇತ್ತು. ಹುಲಗೆಮ್ಮ ಬಂಡಿ ಬಿಟ್ಟು ಬಂದು 'ಗಾ'ದ ಅಂಚಿಗೆ ಕೂತಿದ್ದಳು, ಎಣ್ಣೆ ಹೊಗೆಯಾಡುತ್ತಿತ್ತು, ಆಕೆಗೆ ಕೈ ಎತ್ತುವ ನೆನಪೇ ಇರಲಿಲ್ಲ. ಅಷ್ಟು ಕೈಗಳಲ್ಲಿ ಒಂದೂ ಝಾಡಿಸಿಕೊಂಡಿರಲಿಲ್ಲ.

"ಅಬ್ಬಾ" ಎಂದಳು ಮುಬಾಶಿರಾ. "ಕೈ ನೋಡು."

ಎಂದಿನ ದನಿಯಲ್ಲೇ ಹೇಳಿದ್ದಳು. ಆದರೆ ಈಗ ಹಿಂಜುವ ಮಷೀನು ಇರಲಿಲ್ಲ, ದುರುಗೇಶನ ಫ್ಯಾನೂ ಆರಿತ್ತು. ಮಾತು ಬಯಲೆಲ್ಲ ಕೇಳಿಸಿತು. ಎಲ್ಲರೂ ತಿರುಗಿ, ಆಟೋದ ಹಿಂದೆ ಒಂದು ಹುಡುಗಿಯಿರುವುದನ್ನು ಆಗ ಕಂಡರು. ಆಕೆಯ ಗಂಟಲಿಗೆ ಹಳೆಯ ಬಿರಡೆ ಬಿತ್ತು. ಬಿದ್ದರೂ ಕಾಲು ನಡೆದಿದ್ದವು. ಗಾಳೆಮ್ಮನ ಹತ್ತಿರ ಹೋಗಿ ಕೂತು, ಅಲ್ಲಿಗೆ ಮಾತು ಮುಗಿದುದರಿಂದ, ಕತ್ತರಿ ತೆಗೆದು 'ಗಾ' ಮತ್ತು 'ದಿ'ಯ ನಡುವಿನ ಹೊಲಿಗೆಗೆ ಹಿಡಿದಳು. ಗಾಳೆಮ್ಮನ ಮುಖ ನೋಡಿದಳು.

"ಕೊಡ್ತಿಯೇನಬೇ ಇದನ್ನ?" ಗಾಳೆಮ್ಮ ಎದ್ದು ಕೂತಳು. "ಯಾರು ಹೊಲದದ್ದು?"

"ನಾನು."

"ಟ್ರ್ಯಾಕ್ಟರಿನಾಗ ಹಾಸಿಕೊಂಡು ಹೋಗಾಕ ಹೇಳಿ ಮಾಡಸಿದಂಗ ಐತಿ. ಸುತ್ತಿ ಬಗಲಾಗ ಇಟಗೊಂಡ್ರ ಆತು. ಹೊಲಿಗಿ ಹರೀ, ಹರೀ."

"ಏ ಮುಬಾಶಿರಾ, ನನ್ನ ಹೆಸರ ಮಾರತಿಯೇನು?" ಎಂದ ಬಡೇಸಾಬ.

"ಹಾರಾಕಂತೂ ಒಲ್ಲೆ ಅಂತು" ಎಂದಳು ಆಟೋದಲ್ಲಿ ಕೂತಿದ್ದ ನೂರಜಾನಬಿ. "ಕುಂತಾದ್ರೂ ಹೋಗಲಿ ಬಿಡು. ಆ ಹೆಂಗಸರು ಕೇಳೂದು ನೋಡಿದ್ರ ಒಂದು ಅಕ್ಷರನೂ ಉಳಿಯೂದಿಲ್ಲ."

ಉಳಿಯಲಿಲ್ಲ. "ನನಗ ಆ ಉದ್ದಂದು" ಎಂದು ಒಬ್ಬಳು 'ಡೇ' ಹಿಡಿದಳು. "ಗುಂಡಂದು ನನಗ" ಎಂದು ಇನ್ನೊಬ್ಬಳು. ಎರಡು 'ಬ'ಗಳಲ್ಲಿ ಯಾವುದರಲ್ಲಿ ಹತ್ತಿ ಹೆಚ್ಚಿದೆ ಎಂದು ಇಬ್ಬರು ಜಗಳಾಡಿ, ಬಡೇಸಾಬನನ್ನೇ ಪಂಚಾಯ್ತಿಗೆ ಕರೆದರು. ಆತ ಮುನಿಸಿನಲ್ಲೇ ಹೋದ. ಎರಡನ್ನೂ ಅಂಗೈ ಮೇಲೆ ತೂಗಿ ನೋಡಿದ. "ಇದು" ಎಂದ. ಅದನ್ನು ತೂಗುವಾಗ ಆತನ ಮುಖ ಹಳೆಯ ಬಡೇಸಾಬನದಾಗಿತ್ತು.

"ಮಾಮು" ಎಂದು ನದೀಮ ಕನ್ನಡಕ ಏರಿಸಿದ, "ನನ್ನ ಪ್ಲಾನೇ ಇದಾಗಿತ್ತು."

ಆ ದಿನ ಗಂಗಾವತಿಯ ಸುತ್ತಲಿನ ಗದ್ದೆಗಳಿಗೆ ಬಡೇಸಾಬನ ಹೆಸರು ಟ್ರ್ಯಾಕ್ಟರಿನಲ್ಲಿ ಹೋಯಿತು, ಒಡೆದು ಚೂರುಚೂರಾಗಿ, ಹೆಂಗಸರ ಸೊಂಟದ ಕೆಳಗೆ. ವಿಡಿಯೋ ಕೊಪ್ಪಳದ ತನಕ ಹೋಯಿತು. ಅದನ್ನು ನೋಡಿ ನಗಲೆಂದೇ ಕೆಲವರು ಅಂಗಡಿಗೆ ಬಂದರು. ಬಂದ ಮೇಲೆ ಸುಮ್ಮನೆ ನಗುವುದು ಹೇಗೆ, ಗಾದಿಗೆ ಅಂಗೈ ಒತ್ತಿದರು.

ನಾಟಿಯ ಹೆಂಗಸರಂತೂ ಗುಂಪುಗುಂಪಾಗಿ ಬಂದರು. ಅವರು ಕೇಳುತ್ತಿದ್ದುದು 'ಅಕ್ಷರದ ಗಾದಿ'. ಅಕ್ಷರವಿಲ್ಲದ್ದು ಬೇಡ. ಯಾಕೆಂದರೆ ಟ್ರೇಲರಿನಲ್ಲಿ ಎಲ್ಲರ ಗಾದಿಯೂ ಒಂದೇ ಪಟ್ಟೆಯವು. ಕೆಂಪು ಗುರುತಿದ್ದರೆ ಯಾರದು ಯಾವುದೆಂಬ ಜಗಳವಿಲ್ಲ. ಓದಲು ಬಾರದವರೂ ತಮ್ಮ ಅಕ್ಷರದ ಸೊಟ್ಟ ಬಾಲವನ್ನು ದೂರದಿಂದ ಗುರುತಿಸುತ್ತಿದ್ದರು. "ನನ್ನ ಹೆಸರಿಗೆ ಯಾವುದು ಬರತೈತಬೇ?" ಎಂದು ಕೇಳಿದವರಿಗೆ ಮುಬಾಶಿರಾ ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಬರೆದು ತೋರಿಸುತ್ತಿದ್ದಳು. ಅದಕ್ಕೆ ಎದ್ದು ನಿಲ್ಲಬೇಕಾಗಿರಲಿಲ್ಲ. ಬರೆದು ತೋರಿಸಲು ಹತ್ತಿಯ ಗುಡ್ಡೆ ಅಡ್ಡ ಬರುತ್ತಿತ್ತಾದ್ದರಿಂದ ಅದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ್ದಳು.

ಮೊದಲನೆಯ ತಾರೀಖು ಬಂತು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಹುಲಗೆಮ್ಮ ಬಂದಳು. "ಊರಿನವರಿಗೆಲ್ಲಾ ಆತು. ಎದುರಿನಾಕಿ ನಾನು, ಇನ್ನೂ ಎಣ್ಣಿ ಡಬ್ಬಿ ಮ್ಯಾಲ ಕುಂತೀನಿ. ನನ್ನ 'ಹು' ಎಲ್ಲಿ?"

"ಬಟ್ಟಿ ತೀರೇತಿ ಅಕ್ಕ. ಥಾನು ಬರಬೇಕು" ಎಂದಳು ಮುಬಾಶಿರಾ.

ಬಡೇಸಾಬ ಏನನ್ನೋ ಹುಡುಕುತ್ತಾ ಮಷೀನಿನ ಕೆಳಗೆ ಬಗ್ಗಿದ. ಎದ್ದಾಗ ಆತನ ಕೈಯಲ್ಲಿ ಖಾಕಿ ಅಂಗಿ, ಪ್ಯಾಂಟು ಇದ್ದವು. ಮುಬಾಶಿರಾಳ ಕಾಲು ಮಷೀನಿನ ಪೆಡಲಿನ ಮೇಲೆ ನಿಂತುಬಿಟ್ಟಿತು. ಅಂಗಿಯ ಭುಜ ಇನ್ನೂ ಅಗಲವಾಗಿಯೇ ಇತ್ತು. ಬಡೇಸಾಬ ಭುಜ ನೋಡಿದ, ಮಗಳನ್ನು ನೋಡಿದ. ಗಿಣಿಗೇರಾದ ಬಸ್ಸಿನ ಹೊತ್ತಾಗಿತ್ತು. ಅದರ ಹಾರ್ನು ಬಸ್‌ಸ್ಟ್ಯಾಂಡಿನ ಕಡೆಯಿಂದ ಕೇಳಿಸಿತು.

ಆತ ಬಟ್ಟೆಯನ್ನು ಅಂಗೈ ಮೇಲೆ ಹಾಕಿಕೊಂಡು ಒಮ್ಮೆ ಮೇಲೆ ಕೆಳಗೆ ತೂಗಿದ.

"ಛಲೋ ತೂಕ ಐತಿ" ಎಂದ. "ಇದ್ರಾಗ ಒಂದು 'ಹು' ಆಗತೈತಿ ನೋಡವಾ."

ಮುಬಾಶಿರಾ ಅಂಗಿಯನ್ನು ಕಸಿದುಕೊಂಡಳು ಎಂದೇ ಹೇಳಬೇಕು. ಕತ್ತರಿ ಹಿಡಿದಾಗಿತ್ತು.

"ಯವ್ವಾ, ಖಾಕಿ ಮ್ಯಾಲ ಕುಂತ್ರ ಫೌಜದಾರನ ಮ್ಯಾಲ ಕುಂತಂಗ ಆಗತೈತಿ ಬಿಡು!" ಎಂದಳು ಹುಲಗೆಮ್ಮ. ಹೋದವಳು ತಿರುಗಿ ಬಂದಳು. "ಏ ತಂಗಿ, ಜೇಬು ಬಿಚ್ಚಬ್ಯಾಡ. ಚಿಲ್ಲರ ಇಡಾಕ ಆಗತೈತಿ."

ಮುಬಾಶಿರಾ ಜೇಬನ್ನು ಬಿಚ್ಚಲಿಲ್ಲ. ಹತ್ತಿ ತುಂಬುವಾಗ ಅಪ್ಪ ನೋಡದಿದ್ದಾಗ ಒಂದು ಹಿಡಿ ಹೆಚ್ಚಿಗೆ ಹಾಕಿದಳು. ಆಕೆ ದಾರ ತರಲು ಎದ್ದಾಗ ಬಡೇಸಾಬ ಬಂದು ಇನ್ನೊಂದು ಹಿಡಿ ಹಾಕಿದ.